ಮಾರ್ಕ್ ಫೆರೆಜ್

ಮಾರ್ಕ್ ಫೆರೆಜ್ (೭ ಡಿಸೆಂಬರ್ ೧೮೪೩ – ೧೨ ಜನವರಿ ೧೯೨೩) ಬ್ರೆಜಿಲ್ ದೇಶದ ಛಾಯಾಗ್ರಾಹಕರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರೆಜಿಲಿನ ಬೆಟ್ಟಸಾಲುಗಳಲ್ಲಿ ನಿರ್ಮಾಣವಾದ ರೈಲುಮಾರ್ಗಗಳು, ಕಾಫಿ ತೋಟಗಳು, ರಿಯೊ ಡಿ ಜನೈರೊ ನಗರ ಹಾಗೂ ಅಲ್ಲಿನ ಜನಸಾಮಾನ್ಯರ ದೈನಂದಿನ ಬದುಕನ್ನು ಇವರು ಚಿತ್ರೀಕರಿಸಿದರು. ರಾಜಪ್ರಭುತ್ವದಿಂದ ಗಣರಾಜ್ಯಕ್ಕೂ ಗುಲಾಮಗಿರಿಯಿಂದ ಕೂಲಿ ದುಡಿಮೆಗೂ ದೇಶವು ಹೊರಳಿದ ಕಾಲದ ದೃಶ್ಯದಾಖಲೆಯಾಗಿ ಇವರ ಚಿತ್ರಗಳು ಮಹತ್ವ ಪಡೆದಿವೆ.

ಬಾಲ್ಯ ಮತ್ತು ಶಿಕ್ಷಣ

ಫೆರೆಜ್ ರಿಯೊ ಡಿ ಜನೈರೊದಲ್ಲಿ ಜನಿಸಿದರು. ತಂದೆ ಜೆಫೆರಿನ್ ಫೆರೆಜ್ ಫ್ರಾನ್ಸಿನಿಂದ ಬಂದು ನೆಲೆಸಿದ ಶಿಲ್ಪಿ ಹಾಗೂ ಕೆತ್ತನೆಗಾರರು. ೧೮೫೧ರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡಾಗ ಫೆರೆಜ್ ಅವರಿಗೆ ಏಳು ವರ್ಷ. ಬಳಿಕ ಅವರನ್ನು ಪ್ಯಾರಿಸ್‌ಗೆ ಕಳುಹಿಸಲಾಯಿತು. ಅಲ್ಲಿ ಅವರು ಶಿಲ್ಪಿ ಆಲ್ಫೆ ದುಬ್ವಾ ಅವರ ಮನೆಯಲ್ಲಿ ಬೆಳೆದರು. ತಾಯ್ನಾಡಿಗೆ ಮರಳಿದ ಮೇಲೆ ಜಾರ್ಜ್ ಲೌಟ್ಸಿಂಗರ್ ಅವರ ಮುದ್ರಣ ಮತ್ತು ಛಾಯಾಚಿತ್ರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಫ್ರಾಂಜ್ ಕೆಲ್ಲರ್ ಅವರಿಂದ ಛಾಯಾಗ್ರಹಣವನ್ನು ಕಲಿತರು. ೧೮೬೦ರ ದಶಕದಲ್ಲಿ ರಿಯೊದಲ್ಲಿ ಸ್ವಂತ ಸ್ಟುಡಿಯೊ ತೆರೆದರು.

ಅಗ್ನಿ ದುರಂತ ಮತ್ತು ಭೂವೈಜ್ಞಾನಿಕ ಆಯೋಗ

೧೮೭೩ರಲ್ಲಿ ಫೆರೆಜ್ ಅವರು ಮಾರಿ ಲೆಫೆವ್ರ್ ಅವರನ್ನು ವಿವಾಹವಾದರು. ಅದೇ ವರ್ಷ ಬೆಂಕಿಗೆ ಅವರ ಸ್ಟುಡಿಯೊ ಆಹುತಿಯಾಗಿ, ಅಲ್ಲಿಯವರೆಗೆ ತೆಗೆದಿದ್ದ ಬಹುಪಾಲು ಗಾಜಿನ ನೆಗೆಟಿವ್‌ಗಳು ನಾಶವಾದವು. ಅವರ ಆರಂಭಿಕ ಕಾಲದ ಚಿತ್ರಗಳು ಇಂದು ವಿರಳವಾಗಿರುವುದಕ್ಕೆ ಇದೇ ಕಾರಣ. ಅವರು ಫ್ರಾನ್ಸಿಗೆ ಹೋಗಿ ಹೊಸ ಉಪಕರಣಗಳನ್ನು ತಂದು ವೃತ್ತಿಯನ್ನು ಮತ್ತೆ ಆರಂಭಿಸಿದರು.

೧೮೭೫ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಫ್ರೆಡರಿಕ್ ಹಾರ್ಟ್ ನೇತೃತ್ವದ ಬ್ರೆಜಿಲ್ ಸಾಮ್ರಾಜ್ಯದ ಭೂವೈಜ್ಞಾನಿಕ ಆಯೋಗದ ಛಾಯಾಗ್ರಾಹಕರಾಗಿ ನೇಮಕಗೊಂಡರು. ಈ ಯಾತ್ರೆಯಲ್ಲಿ ಬಾಹಿಯಾ, ಪೆರ್ನಾಂಬುಕೊ ಮೊದಲಾದ ಪ್ರಾಂತ್ಯಗಳ ಬಂಡೆಗಳು, ಜಲಪಾತಗಳು ಮತ್ತು ಕರಾವಳಿಯನ್ನು ಚಿತ್ರೀಕರಿಸಿದರು. ದಕ್ಷಿಣ ಬಾಹಿಯಾದ ಬೊಟೊಕುಡೊ ಮೂಲನಿವಾಸಿಗಳ ಚಿತ್ರಗಳನ್ನೂ ತೆಗೆದರು. ಆಗ ಬಳಕೆಯಲ್ಲಿದ್ದ ಆರ್ದ್ರ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ಸ್ಥಳದಲ್ಲಿಯೇ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಆದ್ದರಿಂದ ಕ್ಯಾಮೆರಾದ ಜೊತೆಗೆ ಫಲಕಗಳು, ರಾಸಾಯನಿಕಗಳು ಮತ್ತು ಕತ್ತಲೆಯ ಡೇರೆಯನ್ನೂ ಹೊತ್ತೊಯ್ಯುವುದು ಅನಿವಾರ್ಯವಾಗಿತ್ತು.

ರೈಲುಮಾರ್ಗಗಳ ಚಿತ್ರೀಕರಣ

ಬ್ರೆಜಿಲಿನ ಆಗ್ನೇಯ ಭಾಗದಲ್ಲಿ ಕರಾವಳಿ ಮತ್ತು ಒಳನಾಡಿನ ಪ್ರಸ್ಥಭೂಮಿಯ ನಡುವೆ ದಟ್ಟ ಕಾಡಿನ ಕಡಿದಾದ ಬೆಟ್ಟಗಳಿವೆ. ಒಳನಾಡಿನ ಕಾಫಿಯನ್ನು ಮೊದಲು ಹೇಸರಗತ್ತೆಗಳ ಮೇಲೆ ಹೇರಿ ಬಂದರುಗಳಿಗೆ ಇಳಿಸಲಾಗುತ್ತಿತ್ತು. ರೈಲುಮಾರ್ಗಗಳು ಈ ಸಾಗಾಟವನ್ನು ಸಂಪೂರ್ಣವಾಗಿ ಬದಲಿಸಿದವು. ಸೇತುವೆ, ಸುರಂಗ ಮತ್ತು ನಿಲ್ದಾಣಗಳ ನಿರ್ಮಾಣವನ್ನು ದಾಖಲಿಸಲು ರೈಲ್ವೆ ಕಂಪನಿಗಳು ಫೆರೆಜ್ ಅವರಿಗೆ ಕೆಲಸ ವಹಿಸಿದವು. ೧೮೮೨ರಲ್ಲಿ ಚಕ್ರವರ್ತಿ ಎರಡನೆಯ ಪೆಡ್ರೊ ಮಿನಾಸ್–ರಿಯೊ ರೈಲುಮಾರ್ಗದ ಕಾಮಗಾರಿಗೆ ಭೇಟಿ ನೀಡಿದಾಗ, ಮಾಂಟಿಕೇರಾ ಬೆಟ್ಟಸಾಲಿನ ಸುರಂಗದ ಬಾಯಿಯಲ್ಲಿ ಅವರ ಚಿತ್ರವನ್ನು ತೆಗೆದರು.

೧೮೮೦–೧೮೮೫ರ ಅವಧಿಯಲ್ಲಿ ನಿರ್ಮಾಣವಾದ ಪರನಗ್ವಾ–ಕುರಿಟಿಬಾ ಮಾರ್ಗದ ಚಿತ್ರಗಳು ಫೆರೆಜ್ ಅವರ ಪ್ರಮುಖ ಕೃತಿಗಳಲ್ಲಿ ಸೇರಿವೆ. ಸುಮಾರು ೧೧೦ ಕಿ.ಮೀ. ಉದ್ದದ ಈ ಮಾರ್ಗ ಸಮುದ್ರಮಟ್ಟದಿಂದ ಹೊರಟು, ಸೆರಾ ಡೊ ಮಾರ್ ಬೆಟ್ಟಗಳನ್ನು ಹತ್ತಿ, ೯೦೦ ಮೀಟರ್‌ಗಿಂತ ಎತ್ತರದ ಪ್ರಸ್ಥಭೂಮಿಯನ್ನು ತಲುಪುತ್ತದೆ. ಬಂಡೆಯ ಅಂಚಿನಲ್ಲಿ ಸಾಗುವ ಹಳಿ, ಕೆಳಗಿನ ಕಣಿವೆ ಮತ್ತು ಹಳಿಯ ಮೇಲೆ ನಿಂತ ಕೆಲಸಗಾರರು ಒಂದೇ ಚೌಕಟ್ಟಿನಲ್ಲಿ ಬರುವುದು ಈ ಚಿತ್ರಗಳ ವೈಶಿಷ್ಟ್ಯ. ಮನುಷ್ಯರ ಆಕೃತಿಗಳಿಂದಾಗಿ ಬೆಟ್ಟದ ಗಾತ್ರವೂ ಕಾಮಗಾರಿಯ ಅಪಾಯವೂ ನೋಡುಗರಿಗೆ ತಿಳಿಯುತ್ತವೆ. ೧೮೮೪ರಲ್ಲಿ ಆರಂಭವಾದ ಕೊರ್ಕೊವಾಡೊ ಬೆಟ್ಟದ ಹಲ್ಲುಹಳಿ ರೈಲುಮಾರ್ಗವನ್ನೂ ಅವರು ಚಿತ್ರೀಕರಿಸಿದರು.

ವಿಸ್ತಾರವಾದ ಭೂದೃಶ್ಯಗಳಿಗಾಗಿ ಅವರು ಪ್ಯಾರಿಸ್‌ನಲ್ಲಿ ವಿಶೇಷ ಪನೋರಮಾ ಕ್ಯಾಮೆರಾವೊಂದನ್ನು ಮಾಡಿಸಿಕೊಂಡರು. ಅದರಿಂದ ಒಂದು ಮೀಟರ್‌ಗಿಂತಲೂ ಹೆಚ್ಚು ಅಗಲದ ನೆಗೆಟಿವ್‌ಗಳನ್ನು ಪಡೆಯಬಹುದಾಗಿತ್ತು. ೧೮೮೫ರಲ್ಲಿ ಇವರಿಗೆ ಆರ್ಡರ್ ಆಫ್ ದ ರೋಸ್ ಗೌರವ ಲಭಿಸಿತು.

ಕಾಫಿ ತೋಟಗಳು ಮತ್ತು ಬೀದಿಯ ಬದುಕು

೧೮೮೦ರ ದಶಕದಲ್ಲಿ ಫೆರೆಜ್ ಪರೈಬಾ ಕಣಿವೆಯ ಕಾಫಿ ತೋಟಗಳಿಗೆ ತೆರಳಿದರು. ಕೊಯ್ಲಿಗೆ ಹೊರಟ ಗುಂಪುಗಳು, ಕಣದಲ್ಲಿ ಕಾಫಿ ಒಣಗಿಸುವ ಗಂಡಸರು, ಹೆಂಗಸರು ಮತ್ತು ಮಕ್ಕಳು ಈ ಚಿತ್ರಗಳಲ್ಲಿದ್ದಾರೆ. ಇವರಲ್ಲಿ ಅನೇಕರು ಗುಲಾಮರಾಗಿದ್ದರು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದುದು ೧೩ ಮೇ ೧೮೮೮ರಂದು. ಈ ಚಿತ್ರಗಳಲ್ಲಿ ತೋಟವು ಶಿಸ್ತುಬದ್ಧವಾಗಿಯೂ ಶಾಂತವಾಗಿಯೂ ತೋರುತ್ತದೆ. ದುಡಿಮೆಯ ಹಿಂದಿನ ಬಲವಂತ ನೇರವಾಗಿ ಕಾಣಿಸುವುದಿಲ್ಲ. ಆದರೂ ಬರಿಗಾಲು, ಹರಿದ ಉಡುಪು, ದುಡಿಯುವ ಮಕ್ಕಳು ಮುಂತಾದ ವಿವರಗಳು ಗುಲಾಮಗಿರಿಯ ಕೊನೆಯ ವರ್ಷಗಳಿಗೆ ಸಾಕ್ಷ್ಯ ಒದಗಿಸುತ್ತವೆ. ಚಿತ್ರದಲ್ಲಿರುವ ಈ ದುಡಿಮೆಗಾರರ ಹೆಸರುಗಳು ಸಾಮಾನ್ಯವಾಗಿ ದಾಖಲಾಗಿಲ್ಲ.

೧೮೯೯ರ ಸುಮಾರಿಗೆ ರಿಯೊದ ಬೀದಿ ವ್ಯಾಪಾರಿಗಳ ಚಿತ್ರಮಾಲಿಕೆಯನ್ನು ರೂಪಿಸಿದರು. ಬುಟ್ಟಿ ಮತ್ತು ಪೊರಕೆ ಮಾರುವವರು, ಚಾಕುಚೂರಿಗೆ ಸಾಣೆ ಹಿಡಿಯುವವರು, ಪತ್ರಿಕೆ ಮಾರುವ ಹುಡುಗರು ಇದರಲ್ಲಿದ್ದಾರೆ. ಮುಂದೆ, ಹಳೆಯ ಕಟ್ಟಡಗಳನ್ನು ಕೆಡವಿ ನಿರ್ಮಿಸಿದ ಅವೆನಿಡಾ ಸೆಂಟ್ರಲ್ ರಸ್ತೆಯ ಹೊಸ ಕಟ್ಟಡಗಳ ಮುಂಭಾಗಗಳನ್ನು ಚಿತ್ರೀಕರಿಸಿ ಸಂಪುಟವಾಗಿ ಹೊರತಂದರು.

ಕೊನೆಯ ವರ್ಷಗಳು ಮತ್ತು ಪರಂಪರೆ

ಚಲನಚಿತ್ರದ ಆರಂಭಕಾಲದಲ್ಲಿ ಫೆರೆಜ್ ತಮ್ಮ ಮಕ್ಕಳಾದ ಜೂಲಿಯೊ ಮತ್ತು ಲೂಸಿಯಾನೊ ಅವರೊಂದಿಗೆ ಆ ಉದ್ಯಮವನ್ನು ಪ್ರವೇಶಿಸಿದರು. ೧೯೦೭ರಲ್ಲಿ ರಿಯೊದಲ್ಲಿ ಪಾತೆ ಚಿತ್ರಮಂದಿರ ಆರಂಭವಾಯಿತು. ೧೯೧೦ರ ದಶಕದಲ್ಲಿ ಲೂಮಿಯೇರ್ ಸಹೋದರರ ಆಟೋಕ್ರೋಮ್ ಫಲಕಗಳನ್ನು ಬಳಸಿ ವರ್ಣಚಿತ್ರಗಳನ್ನೂ ತೆಗೆದರು. ಪತ್ನಿಯ ನಿಧನದ ನಂತರ ಕೆಲವು ವರ್ಷ ಫ್ರಾನ್ಸಿನಲ್ಲಿದ್ದು ಮರಳಿದ ಅವರು ೧೯೨೩ರಲ್ಲಿ ರಿಯೊದಲ್ಲಿ ನಿಧನರಾದರು.

ಮೊಮ್ಮಗ, ಇತಿಹಾಸಕಾರ ಗಿಲ್ಬರ್ಟೊ ಫೆರೆಜ್ ಅಜ್ಜನ ನೆಗೆಟಿವ್‌ಗಳು ಮತ್ತು ಮುದ್ರಿತ ಚಿತ್ರಗಳನ್ನು ಜೋಪಾನವಾಗಿ ಕಾಪಾಡಿದರು. ೧೯೯೮ರಲ್ಲಿ ಈ ಸಂಗ್ರಹವು ಮೊರೇರಾ ಸಾಲೆಸ್ ಸಂಸ್ಥೆಗೆ ಸೇರಿತು. ಬ್ರೆಜಿಲಿನ ರೈಲ್ವೆ, ಕಾಫಿ ಕೃಷಿ, ಗುಲಾಮಗಿರಿ ಮತ್ತು ನಗರ ಬೆಳವಣಿಗೆಯ ಇತಿಹಾಸವನ್ನು ಅಧ್ಯಯನ ಮಾಡುವವರಿಗೆ ಇದು ಪ್ರಮುಖ ಆಕರವಾಗಿದೆ.