ಇಮಾಂ ಗಝ್ಝಾಲಿ: ನಾಲಿಗೆ ಕಟ್ಟಿದಾಗ ಹೆಗಲು ಕೊಟ್ಟವರು

ಹಿಜರಿ 488, ಅಂದರೆ ಕ್ರಿ.ಶ. 1095. ಬಗ್ದಾದಿನ ನಿಝಾಮಿಯ್ಯಾ ಮದ್ರಸದಲ್ಲಿ ಸುಮಾರು 300 ವಿದ್ಯಾರ್ಥಿಗಳಿಗೆ ದರ್ಸ್ ನಡೆಸುತ್ತಿದ್ದ ಉಸ್ತಾದರಿಗೆ ಒಮ್ಮಿಂದೊಮ್ಮೆಲೇ ಮಾತೇ ಹೊರಡದಾಯಿತು. ಕಾದು ಕುಳಿತ ಮಕ್ಕಳಿಗಾಗಿ ಒಂದು ದಿನವಾದರೂ ಪಾಠ ಹೇಳೋಣ ಅಂತ ಪ್ರಯತ್ನಪಟ್ಟರೂ ನಾಲಿಗೆ ಅಲ್ಲಾಡಲಿಲ್ಲ. ಊಟ ಸೇರದು, ಸಾರು ಕೂಡ ಗಂಟಲಲ್ಲಿ ಇಳಿಯದು. ಆ ಉಸ್ತಾದ್ ಬೇರೆ ಯಾರೂ ಅಲ್ಲ, ನಾವು ಅನುಸರಿಸುವ ಶಾಫಿಈ ಮದ್‌ಹಬಿನ ಮಹಾನ್ ವಿದ್ವಾಂಸ ಇಮಾಂ ಅಬೂ ಹಾಮಿದ್ ಗಝ್ಝಾಲಿ(ರ).

ಅವರ ಇಲ್ಮಿನ ಬಗ್ಗೆ ನಾವು ಬೇಕಾದಷ್ಟು ಕೇಳಿದ್ದೇವೆ. ಆದರೆ ಅವರು ಕುಸಿದಾಗ ಪಕ್ಕದಲ್ಲಿ ನಿಂತವರ ಬಗ್ಗೆ ಕೇಳಿದ್ದು ಕಡಿಮೆ.

ಹಿಜರಿ 450ರಲ್ಲಿ (ಕ್ರಿ.ಶ. 1058) ಖುರಾಸಾನಿನ ತೂಸ್‌ನಲ್ಲಿ ಅವರ ಜನನ. ಚರಿತ್ರೆಕಾರರು ಹೇಳುವಂತೆ ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವ. ಓದುಬರಹ ಬರದಿದ್ದರೂ ಆಲಿಮರ ಮಜ್ಲಿಸ್ ಎಂದರೆ ಪ್ರಾಣ. ಮರಣ ಹತ್ತಿರ ಬಂದಾಗ ಮುಹಮ್ಮದ್, ಅಹ್ಮದ್ ಎಂಬ ಇಬ್ಬರು ಗಂಡುಮಕ್ಕಳನ್ನು, ಕೈಯಲ್ಲಿದ್ದ ಚೂರುಪಾರು ಹಣವನ್ನು ಒಬ್ಬ ಸೂಫಿ ಗೆಳೆಯನ ಕೈಗೆ ಒಪ್ಪಿಸಿದರು. ಆ ಗೆಳೆಯ ಅಮಾನತ್ತನ್ನು ಕಾಪಾಡಿದ. ಹಣ ಮುಗಿದಾಗ ತಾನೂ ಬಡವನೆಂದು ಮರೆಮಾಚದೆ ಹೇಳಿ, ಊಟ ಸಿಗುವ ಮದ್ರಸಕ್ಕೆ ಸೇರಿಕೊಳ್ಳಲು ದಾರಿ ತೋರಿಸಿದ. ಯತೀಮ್ ಮಕ್ಕಳ ಕಲಿಕೆ ಶುರುವಾದದ್ದು ಹಾಗೆ.

ಮುಂದೆ ನಿಶಾಪುರದಲ್ಲಿ ಇಮಾಮುಲ್ ಹರಮೈನಿಯವರ ಶಿಷ್ಯರಾಗಿ, 1091ರಲ್ಲಿ ವಝೀರ್ ನಿಝಾಮುಲ್ ಮುಲ್ಕ್ ಅವರ ನೇಮಕದಿಂದ ಬಗ್ದಾದಿನ ಉಸ್ತಾದರಾದರು. ಆಗ ವಯಸ್ಸು ಸುಮಾರು 33. ಹೆಸರು, ಮರ್ಯಾದೆ, ಸಂಬಳ ಎಲ್ಲವೂ ಬಂತು. ಆದರೆ ತಾನು ಕಲಿಸುತ್ತಿರುವುದು ಅಲ್ಲಾಹನ ಸಂಪ್ರೀತಿಗೋ ಅಥವಾ ಜನರ ಹೊಗಳಿಕೆಗೋ ಎಂಬ ಪ್ರಶ್ನೆ ಒಳಗೇ ಕೊರೆಯತೊಡಗಿತು. ಬೆಳಿಗ್ಗೆ ಎಲ್ಲ ಬಿಟ್ಟು ಹೊರಡುವ ನಿರ್ಧಾರ, ಸಂಜೆಯಾದರೆ ಅದು ಕರಗಿ ಹೋಗುವುದು. ಹೀಗೆ ಆರು ತಿಂಗಳು ಕಳೆದವು. ವೈದ್ಯರು ಬಂದು ನೋಡಿ ಕೈಚೆಲ್ಲಿದರು. ರೋಗ ಇರುವುದು ಹೃದಯದಲ್ಲಿ, ಅಲ್ಲಿಂದ ದೇಹಕ್ಕೆ ಇಳಿದಿದೆ, ಮನಸ್ಸಿನ ಭಾರ ಇಳಿಯದೆ ಮದ್ದು ನಾಟದು ಎಂಬುದು ಅವರ ತೀರ್ಮಾನ. ಇದನ್ನೆಲ್ಲ ಇಮಾಮರೇ ಮುಂದೆ ತಮ್ಮ ‘ಅಲ್ ಮುನ್‌ಕಿದ್’ ಗ್ರಂಥದಲ್ಲಿ ನಾಚಿಕೆಪಡದೆ ಬರೆದಿಟ್ಟರು.

ಕೊನೆಗೆ ಮಕ್ಕಾಕ್ಕೆ ಹೋಗುತ್ತೇನೆಂದು ಹೇಳಿ, ಶಾಮ್ ಕಡೆಗೆ ಹೊರಟರು. ಹೆಂಡತಿ ಮಕ್ಕಳ ಖರ್ಚಿಗೆ ಬೇಕಾದಷ್ಟು ಇಟ್ಟು ಉಳಿದದ್ದನ್ನು ಹಂಚಿದರು. ಆದರೆ ಮದ್ರಸದ ಗತಿ? ಅಲ್ಲಿ ಅಣ್ಣನ ಜಾಗದಲ್ಲಿ ನಿಂತು ಪಾಠ ಮುಂದುವರಿಸಿದವರು ತಮ್ಮ ಅಹ್ಮದ್. ಮನಸ್ಸು ನೊಂದವನಿಗೆ ಬುದ್ಧಿವಾದಕ್ಕಿಂತ ಮೊದಲು ಬೇಕಾದದ್ದು ಇದು: ಅವನ ಹೊರೆಯನ್ನು ಸ್ವಲ್ಪ ದಿನ ಇನ್ನೊಬ್ಬ ಹೊರುವುದು.

ದಮಾಸ್ಕಸ್‌ನ ದೊಡ್ಡ ಮಸೀದಿಯ ಮಿನಾರ ಹತ್ತಿ, ಬಾಗಿಲು ಹಾಕಿಕೊಂಡು ಇಡೀ ದಿನ ದ್ಸಿಕ್ರ್‌ನಲ್ಲಿ ಕಳೆಯುತ್ತಿದ್ದರು. ನಂತರ ಬೈತುಲ್ ಮುಖದ್ದಸ್, ಇಬ್ರಾಹೀಮ್(ಅ)ರ ಮಖ್ಬರ ಇರುವ ಅಲ್ ಖಲೀಲ್, ಹಜ್ಜ್. ಆಮೇಲೆ ಮಕ್ಕಳ ಕರೆ ಅವರನ್ನು ಊರಿಗೆ ಎಳೆಯಿತು. ಏಕಾಂತದಿಂದ ಹೊರಬಂದು ಮತ್ತೆ ಕಲಿಸಲು ಹೊರಟದ್ದೂ ಒಬ್ಬರೇ ಯೋಚಿಸಿ ಅಲ್ಲ. ಹೃದಯವಂತರಾದ ಸಜ್ಜನರಲ್ಲಿ ಮಶ್ವರ ಮಾಡಿದರು, ಎಲ್ಲರೂ ಹೊರಗೆ ಬನ್ನಿ ಎಂದ ಮೇಲೆಯೇ ಹಿಜರಿ 499ರಲ್ಲಿ ನಿಶಾಪುರಕ್ಕೆ ಹೋದರು.

ಈ ಅನುಭವದ ಗುರುತು 40 ಕಿತಾಬುಗಳ ‘ಇಹ್ಯಾ ಉಲೂಮುದ್ದೀನ್’ನಲ್ಲಿದೆ. ಅದರಲ್ಲಿ ಒಂದು ಕಿತಾಬು ಸಹೋದರತ್ವದ ಹಕ್ಕುಗಳಿಗೇ ಮೀಸಲು. ಗೆಳೆಯ ಬಾಯಿಬಿಟ್ಟು ಕೇಳುವ ಮೊದಲೇ ಅವನ ಅಗತ್ಯ ತಿಳಿದುಕೊಳ್ಳಬೇಕು, ಅವನ ಗುಟ್ಟು ಕಾಯಬೇಕು, ಬೆನ್ನ ಹಿಂದೆ ದುಆ ಮಾಡಬೇಕು ಎನ್ನುತ್ತಾರೆ ಇಮಾಮರು. ಅವನು ತಪ್ಪುದಾರಿ ಹಿಡಿದರೂ ಸಂಬಂಧ ಕಡಿಯುವುದು ಸರಿಯಲ್ಲ, ಬಿದ್ದವನಿಗೇ ಗೆಳೆಯನ ಅಗತ್ಯ ಹೆಚ್ಚು ಎಂಬುದು ಅವರ ನಿಲುವು. ನಮ್ಮ ಕುಂದು ನಮಗೆ ತಿಳಿಯಲು ಮುಚ್ಚುಮರೆಯಿಲ್ಲದೆ ಹೇಳುವ ಒಬ್ಬ ಸ್ನೇಹಿತ ಬೇಕೆಂದು ಇನ್ನೊಂದು ಕಡೆ ಬರೆದಿದ್ದಾರೆ.

ನಮ್ಮ ಮನೆಗಳಲ್ಲಿ ಗಂಡಸು ಬೇಜಾರು ಹೇಳಿಕೊಂಡರೆ ಈಮಾನ್ ಕಡಿಮೆಯಾಗಿದೆ ಅನ್ನುವವರಿದ್ದಾರೆ. ಗಲ್ಫಿನ ರೂಮಿನಲ್ಲಿ ಒಬ್ಬನೇ ನುಂಗಿಕೊಳ್ಳುವವನೂ, ವ್ಯಾಪಾರ ಕೆಟ್ಟು ಜಮಾಅತಿಗೆ ಬರುವುದನ್ನೇ ಬಿಟ್ಟವನೂ ನಮ್ಮವರೇ. ಹುಜ್ಜತುಲ್ ಇಸ್ಲಾಂ ಎನಿಸಿಕೊಂಡವರಿಗೇ ನಾಲಿಗೆ ಕಟ್ಟಿತ್ತು ಎಂಬುದು ನೆನಪಿರಲಿ. ಸಫ್ಫಿನಲ್ಲಿ ಒಂದು ಜಾಗ ಖಾಲಿ ಕಂಡರೆ ಆ ಮನೆಯ ಬಾಗಿಲು ತಟ್ಟೋಣ.

ಕೊನೆಯ ವರ್ಷಗಳನ್ನು ಇಮಾಮರು ತೂಸ್‌ನಲ್ಲೇ ಕಳೆದರು. ಮನೆಯ ಪಕ್ಕದಲ್ಲಿ ಒಂದು ಮದ್ರಸ, ಸೂಫಿಗಳಿಗೆ ಒಂದು ಖಾನ್‌ಖಾ. ಕುರ್‌ಆನ್ ಪಾರಾಯಣ, ಹೃದಯವಂತರ ಜೊತೆ ಕೂರುವುದು, ಪಾಠ ಹೇಳುವುದು, ಇಷ್ಟೇ ದಿನಚರಿ. ಹಿಜರಿ 505ರ ಜುಮಾದಲ್ ಆಖಿರ್ 14, ಸೋಮವಾರ (ಕ್ರಿ.ಶ. 1111ರ ಡಿಸೆಂಬರ್). ಸುಬ್‌ಹಿಗೆ ವುಳೂ ಮಾಡಿ ನಮಾಝ್ ಮುಗಿಸಿದರು, ಕಫನ್ ತರಿಸಿ ಮುತ್ತಿಟ್ಟು ಕಣ್ಣಿಗೊತ್ತಿಕೊಂಡರು, ಕಿಬ್ಲದ ಕಡೆ ಮಲಗಿ ಕಣ್ಣುಮುಚ್ಚಿದರು. ಈ ಬೆಳಗಿನ ವಿಷಯವನ್ನು ಲೋಕಕ್ಕೆ ತಿಳಿಸಿದವರು ಅದೇ ತಮ್ಮ ಅಹ್ಮದ್. ಅಲ್ಲಾಹನು ಇಬ್ಬರ ದರಜವನ್ನೂ ಉನ್ನತಗೊಳಿಸಲಿ, ಆಮೀನ್.