ಪ್ರಶ್ನೆ ಕೇಳಲು ಕಲಿಸಿದ ಮೇಷ್ಟರು ಡಾ. ಎಚ್. ನರಸಿಂಹಯ್ಯ

ಮಾಲೂರು ತಾಲ್ಲೂಕಿನ ಟೇಕಲ್‌ನಿಂದ ಗೌರಿಬಿದನೂರಿನವರೆಗೆ ಹರಡಿದ್ದ ಅಂದಿನ ಕೋಲಾರ ಜಿಲ್ಲೆ ನಾಡಿಗೆ ಕೊಟ್ಟ ಶಿಕ್ಷಕರಲ್ಲಿ ಡಾ. ಎಚ್. ನರಸಿಂಹಯ್ಯ ಅವರದು ಎದ್ದು ಕಾಣುವ ಹೆಸರು. ವಿಜ್ಞಾನ ಬೋಧಿಸುವವರು ಮೊದಲು ತಾವು ಕಲಿಯುತ್ತಿರಬೇಕು ಎಂಬುದನ್ನು ಅವರು ಬದುಕಿ ತೋರಿಸಿದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರ ಜೂನ್ 6ರಂದು ಅವರು ಜನಿಸಿದರು. ಊರಿನಲ್ಲಿ ಮುಂದಿನ ಓದಿಗೆ ಅವಕಾಶವಿರಲಿಲ್ಲ. ರೈಲಿಗೆ ಹಣವೂ ಇರಲಿಲ್ಲ. 1935ರಲ್ಲಿ ಆ ಬಾಲಕ ಸುಮಾರು 80 ಕಿ.ಮೀ. ದೂರದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಗಾಂಧೀಜಿಯ ಪ್ರಭಾವಕ್ಕೆ ಒಳಗಾದದ್ದೂ ಅಲ್ಲಿಯೇ. ಖಾದಿ ಉಡುಪು, ಗಾಂಧಿ ಟೋಪಿ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆವಾಸ ಅನುಭವಿಸಿದರು.

ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಕೈಯಲ್ಲಿ ಕಾಯಂ ಉದ್ಯೋಗವಿದ್ದರೂ ಓದು ನಿಲ್ಲಲಿಲ್ಲ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದಾಗ ಅವರಿಗೆ 40 ವರ್ಷ. ವಿದೇಶದಲ್ಲಿ ನೆಲೆಸದೆ ತಮ್ಮ ಕಾಲೇಜಿಗೇ ಮರಳಿ ಪ್ರಾಂಶುಪಾಲರಾದರು.

ತರಗತಿಯಾಚೆಗೆ ವಿಜ್ಞಾನ

ಪಠ್ಯಪುಸ್ತಕಕ್ಕೇ ಅಂಟಿಕೊಂಡ ಬೋಧನೆ ಬೇಗನೆ ಹಳತಾಗುತ್ತದೆ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ ಈ ಕೊರತೆಗೆ ಒಂದು ಉತ್ತರವಾಯಿತು. ವಾರ ವಾರವೂ ನಡೆಯುತ್ತಿದ್ದ ಉಪನ್ಯಾಸಗಳಿಗೆ ಯಾರು ಬೇಕಾದರೂ ಬರಬಹುದಿತ್ತು. ಸಂಶೋಧನಾಲಯದ ಹೊಸ ವಿಚಾರವನ್ನು ವಿಜ್ಞಾನಿಯ ಬಾಯಿಂದಲೇ ಕೇಳಿ, ಅನುಮಾನ ಪರಿಹರಿಸಿಕೊಳ್ಳುವ ಅವಕಾಶ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಒಂದೇ ಸೂರಿನಡಿ ದೊರೆಯಿತು.

1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿ, ಸತ್ಯ ಸಾಯಿಬಾಬಾ ಅವರಿಗೂ ಪರೀಕ್ಷೆಗೆ ಒಳಪಡುವಂತೆ ಪತ್ರ ಬರೆದರು. ಉತ್ತರ ಬರಲಿಲ್ಲ, ಆದರೆ ರಾಜ್ಯದಾದ್ಯಂತ ಬಿರುಸಿನ ಚರ್ಚೆ ನಡೆಯಿತು. ವಿರೋಧಕ್ಕೆ ಅವರು ಜಗ್ಗಲಿಲ್ಲ. ಗ್ರಹಣದ ಕಾರಣವನ್ನು ತರಗತಿಯಲ್ಲಿ ವಿವರಿಸಿ, ಮನೆಗೆ ಹೋಗಿ ಗ್ರಹಣಕ್ಕೆ ಅಂಜುವ ಇಬ್ಬಂದಿತನ ಅವರಿಗೆ ಒಪ್ಪಿಗೆಯಾಗುವಂಥದ್ದಲ್ಲ. ಸರಿಯಾದ ಉತ್ತರ ಒಪ್ಪಿಸುವುದಕ್ಕಿಂತ ಪ್ರಾಮಾಣಿಕವಾಗಿ ಪ್ರಶ್ನಿಸುವುದೇ ಮೇಲು ಎಂಬುದು ಅವರ ನಿಲುವಾಗಿತ್ತು.

ಅವಿವಾಹಿತರಾಗಿ ಉಳಿದ ಅವರು ಕಾಲೇಜಿನ ವಿದ್ಯಾರ್ಥಿನಿಲಯದ ಪುಟ್ಟ ಕೋಣೆಯಲ್ಲೇ ಬಾಳಿದರು. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಾಗಿ ಹುಟ್ಟಿದ ಸೀಮೆಯ ಗೌರಿಬಿದನೂರು, ಬಾಗೇಪಲ್ಲಿಗಳಿಗೂ ಕಾಲೇಜು ಶಿಕ್ಷಣವನ್ನು ತಲುಪಿಸಿದರು. ತಾವು ನಡೆದ ದೂರವನ್ನು ಮುಂದಿನ ಮಕ್ಕಳು ನಡೆಯಬೇಕಾಗದಂತೆ ಮಾಡಿದ ಕೆಲಸವಿದು. 1984ರಲ್ಲಿ ಪದ್ಮಭೂಷಣ ಪುರಸ್ಕಾರ ಸಂದಿತು. ‘ಹೋರಾಟದ ಹಾದಿ’ ಅವರ ಆತ್ಮಕಥೆ.

2005ರ ಜನವರಿ 31ರಂದು ಅವರು ನಿಧನರಾದರು. ಎರಡು ವರ್ಷಗಳ ಬಳಿಕ ಕೋಲಾರ ಜಿಲ್ಲೆ ಇಬ್ಭಾಗವಾಗಿ ಅವರ ಹುಟ್ಟೂರು ಚಿಕ್ಕಬಳ್ಳಾಪುರಕ್ಕೆ ಸೇರಿತು. ಆದರೂ ಎರಡೂ ಜಿಲ್ಲೆಗಳ ವಿಜ್ಞಾನ ಶಿಕ್ಷಕರಿಗೆ ಈ ಮೇಷ್ಟರ ಬದುಕು ಇಂದಿಗೂ ಒಳ್ಳೆಯ ಪಾಠವೇ ಸರಿ.