ನದಿಯನ್ನು ಕಾಯ್ದ ಸೆನೆಟರು: ಜಾರ್ಜ್ ನಾರಿಸ್

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆಲ್ಲ ಒಂದು ಗುಟ್ಟು ಗೊತ್ತು. ಶಾಸನ ಸಭೆಗಳ ಸಮಿತಿಗಳನ್ನು ಕುರಿತ ಅಧ್ಯಾಯವನ್ನು ಪರೀಕ್ಷೆಯ ಹಿಂದಿನ ರಾತ್ರಿಯವರೆಗೆ ಯಾರೂ ತೆರೆಯುವುದಿಲ್ಲ. ಸ್ಥಾಯೀ ಸಮಿತಿ, ಆಯ್ಕೆ ಸಮಿತಿ, ಜಂಟಿ ಸಮಿತಿ ಎಂದು ಬಾಯಿಪಾಠ ಮಾಡಿ, ಉತ್ತರಪತ್ರಿಕೆಯಲ್ಲಿ ಇಳಿಸಿ, ಮರುದಿನವೇ ಮರೆತವರಲ್ಲಿ ನಾನೂ ಒಬ್ಬ. ಆ ಒಣ ಪಟ್ಟಿಯೊಳಗೆ ಒಂದು ಹೊಳೆಯ ಭವಿಷ್ಯವೇ ಅಡಗಿರಬಹುದೆಂದು ನನಗೆ ತಿಳಿದುದು ಅಮೆರಿಕದ ಜಾರ್ಜ್ ವಿಲಿಯಂ ನಾರಿಸನ ಜೀವನವನ್ನು ಓದಿದ ಮೇಲೆ.

ನಾರಿಸನು ಹುಟ್ಟಿದುದು 1861ರ ಜುಲೈ 11ರಂದು, ಒಹಾಯೋ ಸಂಸ್ಥಾನದ ಒಂದು ಬೇಸಾಯಗಾರರ ಮನೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಮೂರು ವರ್ಷದವನಾಗಿದ್ದಾಗಲೇ ತಂದೆ ತೀರಿಕೊಂಡನು. ಅದೇ 1864ರಲ್ಲಿ ಅಣ್ಣನೊಬ್ಬನು ಅಂತರ್ಯುದ್ಧಕ್ಕೆ ಬಲಿಯಾದನು. ಹೊಲವನ್ನೂ ಮಕ್ಕಳನ್ನೂ ತಾಯಿಯೊಬ್ಬಳೇ ನೋಡಿಕೊಂಡಳು. ತಾನು ಫಲ ಕಾಣುವ ಭರವಸೆ ಇಲ್ಲದಿದ್ದರೂ ಆಕೆ ಬಿಸಿಲಿನಲ್ಲಿ ಬೆವರು ಸುರಿಸಿ ಒಂದು ಸಸಿ ನೆಟ್ಟುದನ್ನು ಮಗ ಮುದುಕನಾದ ಮೇಲೂ ನೆನೆಯುತ್ತಿದ್ದನು. ಕಾನೂನು ಓದಿ, 1885ರಲ್ಲಿ ನೆಬ್ರಾಸ್ಕಕ್ಕೆ ಹೋಗಿ ವಕೀಲಿ ಹಿಡಿದು, ಕೆಲವು ವರ್ಷ ಜಿಲ್ಲಾ ನ್ಯಾಯಾಧೀಶನಾಗಿದ್ದು, 1903ರಲ್ಲಿ ರಿಪಬ್ಲಿಕನ್ ಪಕ್ಷದವನಾಗಿ ಪ್ರತಿನಿಧಿ ಸಭೆಯನ್ನು ಸೇರಿದನು.

ಆಗ ಆ ಸಭೆಯ ಅಧ್ಯಕ್ಷನಾಗಿದ್ದವನು ಜೋಸೆಫ್ ಕ್ಯಾನನ್, ನಾರಿಸನ ಪಕ್ಷದವನೇ. ಯಾವ ಸದಸ್ಯ ಯಾವ ಸಮಿತಿಗೆ ಸೇರಬೇಕೆಂದು ಹೇಳುವವನು ಆತ. ಯಾವ ಮಸೂದೆ ಎಂದು ಸಭೆಯ ಮುಂದೆ ಬರಬೇಕೆಂದು ತೀರ್ಮಾನಿಸುವ ಐವರು ಸದಸ್ಯರ ನಿಯಮಾವಳಿ ಸಮಿತಿಗೂ ಆತನೇ ಮುಖ್ಯಸ್ಥ. ಹೀಗಾಗಿ ಕಾಡಿನ ಮಸೂದೆಯಾಗಲಿ ಹೊಳೆಯ ಮಸೂದೆಯಾಗಲಿ ಈತನ ಮನಸ್ಸಿಗೆ ಬಾರದಿದ್ದರೆ ಬೆಳಕು ಕಾಣುತ್ತಿರಲಿಲ್ಲ. ನಾರಿಸನು ಇದನ್ನು ಮುರಿಯುವ ಗೊತ್ತುವಳಿಯೊಂದನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಬಹುಕಾಲ ಸಮಯ ಕಾದನು. ಕೊಡುವುದಾದರೂ ಹೇಗೆ? ಅದೂ ಕ್ಯಾನನ್ನನ ಸಮಿತಿಗೇ ಹೋಗಿ ಅಲ್ಲೇ ಮಣ್ಣಾಗುತ್ತಿತ್ತು.

1910ರ ಮಾರ್ಚ್‌ನಲ್ಲಿ ಜನಗಣತಿಯ ವಿಷಯವೊಂದು ಬಂದಿತು. ಜನಗಣತಿ ಸಂವಿಧಾನವೇ ವಿಧಿಸಿದ ಕೆಲಸವಾದುದರಿಂದ ಅದಕ್ಕೆ ಉಳಿದೆಲ್ಲಕ್ಕಿಂತ ಮುಂಚಿನ ಸ್ಥಾನವುಂಟೆಂದು ಕ್ಯಾನನ್ನನು ವಾದಿಸಿದನು. ನಾರಿಸನು ಕೂಡಲೇ ಎದ್ದು, ಸಭೆ ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳಬೇಕೆಂಬುದನ್ನೂ ಸಂವಿಧಾನವೇ ಹೇಳಿದೆ, ಆದುದರಿಂದ ತನ್ನ ಗೊತ್ತುವಳಿಗೂ ಅದೇ ಸ್ಥಾನ ಸಲ್ಲಬೇಕೆಂದನು. ವಾದ ಹಗಲು ರಾತ್ರಿ ನಡೆಯಿತು. ಕೊನೆಗೆ ಮಾರ್ಚ್ 19ರಂದು 191ಕ್ಕೆ 156 ಮತಗಳಿಂದ ಗೊತ್ತುವಳಿ ಗೆದ್ದಿತು. ನಿಯಮಾವಳಿ ಸಮಿತಿ ಹತ್ತು ಸದಸ್ಯರದಾಯಿತು. ಅವರನ್ನು ಸಭೆಯೇ ಆರಿಸುವಂತಾಯಿತು. ಅಧ್ಯಕ್ಷನಿಗೆ ಅಲ್ಲಿ ಎಡೆಯಿಲ್ಲದಾಯಿತು. ಎದುರಾಳಿಯ ತರ್ಕವನ್ನೇ ಹಿಡಿದು ಎದುರಾಳಿಯನ್ನು ಕೆಡಹಿದ ಇಂಥ ಪಟ್ಟನ್ನು ನಾನು ಬೇರೆಲ್ಲೂ ಓದಿಲ್ಲ.

1913ರಲ್ಲಿ ಆತನು ಸೆನೆಟ್ಟಿಗೆ ಹೋದನು. ಮೊದಲ ವರ್ಷದಲ್ಲೇ ಒಂದು ತಪ್ಪನ್ನೂ ಮಾಡಿದನೆಂದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟಿ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರೂ ವಿದ್ಯುಚ್ಛಕ್ತಿಯೂ ಕೊಡುವ ಮಸೂದೆಯನ್ನು ಆತ ಬೆಂಬಲಿಸಿದನು. ಜಾನ್ ಮ್ಯೂರನ ವಿರೋಧ ನಿಷ್ಫಲವಾಯಿತು, ಕಣಿವೆ ಮುಳುಗಿತು. ಜನರದೇ ಆಗಬೇಕಾಗಿದ್ದ ವಿದ್ಯುಚ್ಛಕ್ತಿಯನ್ನು ಮನೆಮನೆಗೆ ಹಂಚುವ ಕೆಲಸ ಮಾತ್ರ ಖಾಸಗಿ ಕಂಪನಿಯ ಕೈಯಲ್ಲೇ ಉಳಿಯಿತು. ಕಾನೂನು ಮಾಡಿದರೆ ಸಾಲದು, ಅದನ್ನು ಕಾಯುವವರೂ ಬೇಕೆಂಬುದನ್ನು ಆತ ಇಲ್ಲಿ ಕಲಿತಿರಬೇಕು.

ಆ ಪಾಠ ಟೆನೆಸಿ ನದಿಯ ದಡದಲ್ಲಿ ಉಪಯೋಗಕ್ಕೆ ಬಂದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲಬಾಮದ ಮಸ್ಲ್ ಷೋಲ್ಸ್ ಎಂಬಲ್ಲಿ ಸಿಡಿಮದ್ದಿಗೆ ಬೇಕಾದ ನೈಟ್ರೇಟಿನ ಕಾರ್ಖಾನೆಗಳನ್ನೂ ವಿಲ್ಸನ್ ಅಣೆಕಟ್ಟನ್ನೂ ಸರಕಾರ ಕಟ್ಟತೊಡಗಿತು. ಯುದ್ಧ ಮುಗಿದ ಮೇಲೆ ಅವನ್ನು ಏನು ಮಾಡುವುದು? 1921ರಲ್ಲಿ ಮೋಟಾರು ತಯಾರಕ ಹೆನ್ರಿ ಫೋರ್ಡನು ಮುಂದೆ ಬಂದನು. ಸರಕಾರ ಎಂಟು ಕೋಟಿ ಡಾಲರಿಗೂ ಹೆಚ್ಚು ಸುರಿದಿದ್ದ ಸ್ವತ್ತಿನಲ್ಲಿ ಕಾರ್ಖಾನೆಗಳಿಗೆ ಐವತ್ತು ಲಕ್ಷ ಡಾಲರು ಕೊಡುವೆನೆಂದನು. ಅಣೆಕಟ್ಟುಗಳನ್ನು ನೂರು ವರ್ಷದ ಗುತ್ತಿಗೆಗೆ ಕೇಳಿದನು. ಅಗ್ಗದ ಗೊಬ್ಬರ ಮಾಡಿಕೊಡುವೆನೆಂಬ ಆಸೆಯನ್ನೂ ರೈತರಿಗೆ ತೋರಿಸಿದನು.

ನದಿಯ ಅಣೆಕಟ್ಟಿನ ವಿಷಯ ಸೆನೆಟ್ಟಿನ ಕೃಷಿ ಮತ್ತು ಅರಣ್ಯ ಸಮಿತಿಗೆ ಬಂದುದೇಕೆ? ನೈಟ್ರೇಟೆಂದರೆ ಗೊಬ್ಬರ, ಗೊಬ್ಬರವೆಂದರೆ ಬೇಸಾಯ. ಆ ಸಮಿತಿಯ ಅಧ್ಯಕ್ಷನಾಗಿದ್ದವನು ನಾರಿಸ್. ಆತನ ಊರಾದ ಮೆಕುಕ್‌ನಿಂದ ಟೆನೆಸಿ ನದಿ ಸಾವಿರ ಕಿಲೋಮೀಟರಿಗೂ ದೂರ. ಆತನಿಗೆ ಮತ ಕೊಡುವ ರೈತರಿಗೆ ಆ ನೀರಿನಿಂದ ಒಂದು ತೊಟ್ಟೂ ದಕ್ಕುವಂತಿರಲಿಲ್ಲ. ಫೋರ್ಡನ ಗೊಬ್ಬರವಾದರೋ ಅವರಿಗೂ ಬೇಕಾಗಿತ್ತು. ಆದರೂ ಸಮಿತಿ ಸಾಕ್ಷಿಗಳನ್ನು ಕರೆಸಿತು, ಲೆಕ್ಕಪತ್ರಗಳನ್ನು ಕೇಳಿತು, ಸ್ಥಳಕ್ಕೇ ಹೋಗಿ ನೋಡಿತು. ಅಲ್ಲಿ ಆಗಲೇ ನಿವೇಶನಗಳನ್ನು ಅಳೆದು ಮಾರುವ ವ್ಯಾಪಾರ ಭರದಿಂದ ಸಾಗಿತ್ತು. 1924ರಲ್ಲಿ ಪ್ರತಿನಿಧಿ ಸಭೆ ಫೋರ್ಡನ ಪರವಾದ ಮಸೂದೆಯನ್ನು ಅಂಗೀಕರಿಸಿತು. ನಾರಿಸನ ಸಮಿತಿ ಒಪ್ಪಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಫೋರ್ಡನು ತನ್ನ ಬೇಡಿಕೆಯನ್ನು ಹಿಂದಕ್ಕೆ ಪಡೆದನು. ನಮ್ಮ ಸಂಸತ್ತಿನಲ್ಲಿ ಇಲಾಖಾವಾರು ಸ್ಥಾಯೀ ಸಮಿತಿಗಳು ಬಂದುದು 1993ರಲ್ಲಿ. ಅವುಗಳ ಶಿಫಾರಸಿಗೆ ಸರಕಾರ ಕಟ್ಟುಬೀಳಬೇಕಾಗಿಲ್ಲ. ಅಲ್ಲಿಯಾದರೋ ಸಮಿತಿ ಹೊರಗೆ ಬಿಡದ ಮಸೂದೆ ಸಾಮಾನ್ಯವಾಗಿ ಒಳಗೇ ಸಾಯುತ್ತದೆ. ಕ್ಯಾನನ್ನನಿಂದ ಕಿತ್ತುಕೊಂಡಿದ್ದ ಆಯುಧದಂಥದನ್ನೇ ಈಗ ನಾರಿಸನೂ ಹಿಡಿದಿದ್ದನೆಂದು ಯಾರಾದರೂ ಆಕ್ಷೇಪಿಸಬಹುದು. ಅದರಲ್ಲಿ ನಿಜವಿದೆ. ಆದರೆ ಈತ ಬಾಗಿಲು ತೆರೆದಿಟ್ಟು ವಿಚಾರಣೆ ನಡೆಸಿದನು.

ತಡೆದುದಾಯಿತು, ಕಟ್ಟುವುದು ಉಳಿಯಿತು. ಸರಕಾರವೇ ಅದನ್ನು ನಡೆಸಬೇಕೆಂಬ ನಾರಿಸನ ಮಸೂದೆಯನ್ನು 1928ರಲ್ಲಿ ಅಧ್ಯಕ್ಷ ಕೂಲಿಜನು ರುಜು ಹಾಕದೆ ಮುಗಿಸಿದನು; 1931ರಲ್ಲಿ ಹೂವರನು ತಿರಸ್ಕರಿಸಿದನು. 1933ರ ಮೇ 18ರಂದು ರೂಸ್‌ವೆಲ್ಟನು ಟೆನೆಸಿ ಕಣಿವೆ ಪ್ರಾಧಿಕಾರದ ಶಾಸನಕ್ಕೆ ರುಜು ಹಾಕಿದನು. ಪ್ರವಾಹ ತಡೆ, ಹಡಗು ಸಂಚಾರ, ವಿದ್ಯುಚ್ಛಕ್ತಿ, ಅರಣ್ಯ ಬೆಳೆಸುವುದು ಎಲ್ಲವೂ ಮೂವರ ಮಂಡಲಿಯ ಹೊಣೆ. ನೇಮಕಗಳಲ್ಲಿ ಪಕ್ಷವನ್ನು ನೋಡಕೂಡದೆಂದೂ, ಪ್ರತಿ ವರ್ಷ ಅಧ್ಯಕ್ಷನಿಗೂ ಕಾಂಗ್ರೆಸ್ಸಿಗೂ ವರದಿ ಒಪ್ಪಿಸಬೇಕೆಂದೂ ಶಾಸನದಲ್ಲೇ ಬರೆಯಲಾಯಿತು. 1938ರಲ್ಲಿ ಮಂಡಲಿಯೊಳಗೆ ಜಗಳವೆದ್ದು ಅದರ ಮುಖ್ಯಸ್ಥನು ವಜಾ ಆದಾಗ, ಎರಡು ಸಭೆಗಳ ಜಂಟಿ ಸಮಿತಿಯೊಂದು ಕುಳಿತು ಇಡೀ ಕೆಲಸವನ್ನು ಕೆದಕಿ ನೋಡಿತು.

1948ರಲ್ಲಿ ನಮ್ಮ ದೇಶದ ದಾಮೋದರ ಕಣಿವೆ ನಿಗಮ ಹುಟ್ಟಿದುದು ಇದೇ ಮಾದರಿಯಲ್ಲಿ. ಅದರ ಮೊದಲ ಯೋಜನೆಯನ್ನು ಬರೆದವನೂ ಟೆನೆಸಿಯಿಂದ ಬಂದ ಎಂಜಿನಿಯರು.

ಪ್ರಾಧಿಕಾರದ ಮೊದಲ ಅಣೆಕಟ್ಟು ಕ್ಲಿಂಚ್ ನದಿಗೆ, 81 ಮೀಟರು ಎತ್ತರ, 1936ರಲ್ಲಿ ಮುಗಿಯಿತು. ಅದಕ್ಕೆ ನಾರಿಸನ ಹೆಸರನ್ನೇ ಇಟ್ಟರು. ಆ ನೀರಿಗಾಗಿ ಸುಮಾರು 3000 ಕುಟುಂಬಗಳು ಊರು ಬಿಟ್ಟವು. 5000ಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. ಭೂಮಿಯಿದ್ದವರಿಗೆ ಬೆಲೆ ಸಿಕ್ಕಿತು. ಗೇಣಿದಾರರ ಪಾಡು ಬೇರೆಯಾಯಿತು. ಮುಳುಗಡೆ ಎಂಬ ಮಾತಿನ ಅರ್ಥವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಫೋರ್ಡನನ್ನು ಅಷ್ಟು ಕೂಲಂಕಷವಾಗಿ ಪ್ರಶ್ನಿಸಿದವನ ಕಥೆಯಲ್ಲಿ ಈ ಗೇಣಿದಾರರ ದನಿಯನ್ನು ನಾನು ಹುಡುಕಿದೆ. ಅದು ಬಹಳ ಸಣ್ಣದು.

ಗ್ರಾಮಗಳಿಗೆ ವಿದ್ಯುಚ್ಛಕ್ತಿ ಒಯ್ಯುವ 1936ರ ಶಾಸನದಲ್ಲಿಯೂ, ನೆಬ್ರಾಸ್ಕಕ್ಕೆ ಒಂದೇ ಸದನದ ಶಾಸನ ಸಭೆ ಬಂದುದರಲ್ಲಿಯೂ ಈತನ ಕೈಯಿದೆ. 1942ರ ಚುನಾವಣೆಯಲ್ಲಿ ಆತ ಸೋತನು. ಆಗ ವಯಸ್ಸು ಎಂಬತ್ತೊಂದು. ಮೆಕುಕ್‌ನ ತನ್ನ ಮನೆಗೆ ಹಿಂದಿರುಗಿ, 1944ರ ಸೆಪ್ಟೆಂಬರ್ 2ರಂದು ತೀರಿಕೊಂಡನು. ಟೆನೆಸಿ ಪ್ರಾಧಿಕಾರದ ಅತಿ ಎತ್ತರದ ಅಣೆಕಟ್ಟಾದ ಫಾಂಟಾನದಲ್ಲಿ ನೀರು ನಿಲ್ಲಿಸತೊಡಗಿದುದು ಆ ವರ್ಷದ ನವೆಂಬರಿನಲ್ಲಿ.